ಯಾವ ಎಪಿಸೋಡಿನಲ್ಲೂ ಇಲ್ಲದ ಕೈ

ಮೊದಲೇ ಹೇಳಿಬಿಡುತ್ತೇನೆ, ನನಗೆ ದೆವ್ವ ಭೂತಗಳಲ್ಲಿ ನಂಬಿಕೆ ಇರಲಿಲ್ಲ. ಈಗ ಇದೆ ಎಂದು ಎದೆ ತಟ್ಟಿ ಹೇಳಲಾರೆ. ನಾನು ನರ್ಸ್. ಬಹರೈನಿಗೆ ಬಂದ ಮೇಲೆ ನೈಟ್ ಡ್ಯೂಟಿ ಮಾಡಿ ಮಾಡಿ ರಾತ್ರಿ ಎಂದರೆ ನನಗೆ ಬೇರೆಯವರ ಹಗಲಿನಷ್ಟೇ ಮಾಮೂಲಿ. ಖಾಲಿ ಬೆಡ್ಡಿನ ಬೆಲ್ಲು ತಾನಾಗಿ ಹೊಡೆದುಕೊಂಡಿತು ಎಂದು ಹೊಸ ಹುಡುಗಿಯರು ಹೆದರಿಕೊಂಡು ಬಂದರೆ ನಾನು ಮೆಂಟೆನೆನ್ಸಿನವರಿಗೆ ಫೋನ್ ಮಾಡುತ್ತಿದ್ದೆ, ಅಷ್ಟೇ. ಇದನ್ನು ಓದಿ ನೀವು ನಕ್ಕರೆ ನನಗೆ ಖಂಡಿತ ಬೇಸರವಿಲ್ಲ. ನಾನೂ ಹಾಗೆ ನಗುತ್ತಿದ್ದವಳೇ.

ಆ ವರ್ಷ ನನ್ನ ಗಂಡನ ತಾಯಿ ವಿಸಿಟ್ ವೀಸಾದಲ್ಲಿ ಹೂರಾ ಏರಿಯಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ನಾವು ಕೊಂಕಣಿಯವರು, ಅತ್ತೆಯನ್ನು ಮಾಂಯ್ ಎನ್ನುತ್ತೇವೆ. ಮನೆಮಾತು ಕೊಂಕಣಿಯಾದರೂ ಮಾಂಯ್‌ಗೆ ಸೀರಿಯಲ್ ಮಾತ್ರ ಕನ್ನಡದ್ದೇ ಆಗಬೇಕು. ಅದರಲ್ಲೂ ಒಂದು ದೆವ್ವದ ಸೀರಿಯಲ್ ಎಂದರೆ ಪ್ರಾಣ. ಅತ್ತೆಯ ಕಾಟಕ್ಕೆ ಸತ್ತ ಸೊಸೆ ಆತ್ಮವಾಗಿ ತಿರುಗಿ ಬಂದು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕಾಡುವ ಕತೆ. ರಾಜರ ಕಾಲದ್ದಂತೆ, ಲಾಟೀನು, ಕುದುರೆಗಾಡಿ, ಗಾಳಿ ಇಲ್ಲದೆಯೂ ಹಾರಾಡುವ ಕೂದಲು. ಊರಿನಲ್ಲಿ ರಾತ್ರಿ ಬಂದ ಎಪಿಸೋಡು ಮರುದಿನ ನಮ್ಮ ಮಧ್ಯಾಹ್ನದ ಹೊತ್ತಿಗೆ ಪುನಃ ಬರುತ್ತಿತ್ತು. ಅಷ್ಟರಲ್ಲಿ ಮಾಂಯ್ ಅಡುಗೆ ಮುಗಿಸಿ ಸೋಫಾದಲ್ಲಿ ಗಟ್ಟಿಯಾಗಿ ಕೂತಿರುತ್ತಿದ್ದರು.

"ಮಾಂಯ್, ನೀವು ಯಾರ ಪಾರ್ಟಿ? ಅತ್ತೆಯದ್ದಾ, ಸೊಸೆಯದ್ದಾ?" ಎಂದು ನಾನು ರೇಗಿಸುವುದಿತ್ತು.

"ಸೊಸೆಯದ್ದೇ ಮಾರಾಯ್ತಿ. ಆ ಅತ್ತೆ ಸ್ವಲ್ಪವೂ ಸರಿ ಇಲ್ಲ."

ನಮ್ಮ ಮಗಳು ರಿಯಾಳಿಗೆ ಆಗ ನಾಲ್ಕು ವರ್ಷ. ಅದ್ಲಿಯಾದಲ್ಲಿ ಕೆಜಿಗೆ ಹೋಗುತ್ತಿದ್ದಳು. ಕರೆದುಕೊಂಡು ಹೋಗಿ ಬಿಡುವುದು ಹಮೀದ್ ಭಾಯ್ ವ್ಯಾನಿನಲ್ಲಿ. ಅವರು ಉಪ್ಪಿನಂಗಡಿ ಕಡೆಯವರು, ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲೇ ಇದ್ದರು. ಬಿಸಿಲು ಹೊಡೆಯಬಾರದೆಂದು ಅವರ ಹೆಂಡತಿ ವ್ಯಾನಿನ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟಿದ್ದರು. ಹಳದಿ ಬಟ್ಟೆ, ಮೇಲೆ ಕೆಂಪು ಕೆಂಪು ಚೆರಿ ಹಣ್ಣು. ಮಧ್ಯಾಹ್ನ ಅವರು ಹಾರ್ನ್ ಹೊಡೆದರೆ ಮಾಂಯ್ ಕೆಳಗಿಳಿದು ರಿಯಾಳನ್ನು ಕರೆತರುತ್ತಿದ್ದರು.

ಜೂನ್ ತಿಂಗಳು. ಇಲ್ಲಿನ ಜೂನ್ ಗೊತ್ತಿದ್ದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ನನ್ನ ಗಂಡ ಲ್ಯಾನ್ಸಿಗೆ ಅಸ್ಕರ್‌ನ ಕಾರ್ಖಾನೆಯಲ್ಲಿ ಕೆಲಸ. ಅವತ್ತು ಅರ್ಧ ದಿನ ರಜೆ ಹಾಕಿದ್ದೇನೆ, ಮಗಳನ್ನು ಕೆಜಿಯಿಂದ ತಾನೇ ಕರೆದುಕೊಂಡು ಹೋಗಿ ಚಪ್ಪಲಿ ಕೊಡಿಸುತ್ತೇನೆ ಎಂದು ಬೆಳಿಗ್ಗೆ ನಮಗೂ ಹೇಳಿದ್ದರು, ಹಮೀದ್ ಭಾಯ್‌ಗೂ ಹೇಳಿದ್ದರು. ಹಾಗಾಗಿ ಅವತ್ತು ಯಾರೂ ವ್ಯಾನ್ ಕಾಯುವ ಪ್ರಶ್ನೆಯೇ ಇರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಅವರ ಬದಲಿಗೆ ನಿಲ್ಲಬೇಕಾದವನು ಬರಲಿಲ್ಲ. ಹೊರಡಲಾಗದೆ ಲ್ಯಾನ್ಸಿ ಕೆಜಿಗೆ ಫೋನ್ ಮಾಡಿ, ಮಗುವನ್ನು ವ್ಯಾನಿನಲ್ಲೇ ಕಳಿಸಿ ಎಂದು ಹೇಳಿ ನನಗೊಂದು ವಾಯ್ಸ್ ಮೆಸೇಜ್ ಹಾಕಿದರು. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಫೋನ್ ಸೈಲೆಂಟ್ ಮಾಡಿ ಮಲಗಿದ್ದೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಕಣ್ಣು ಬಿಟ್ಟರೆ ಮಾಂಯ್. ನಾನು ಮಲಗಿದ್ದಾಗ ಕುಕ್ಕರಿನ ಸೀಟಿ ಕೂಗಿಸಲಿಕ್ಕೂ ಹಿಂಜರಿಯುವ ಹೆಂಗಸು ಅವರು. ಮುಖ ಬಿಳಿಚಿಕೊಂಡಿತ್ತು.

"ಮಗಾ, ಏಳು. ಸೀರಿಯಲ್ಲಿನಲ್ಲಿ ಒಂದು ಮಗು ಗಾಡಿಯೊಳಗೆ ಸಿಕ್ಕಿಹಾಕಿಕೊಂಡಿದೆ. ಗ್ಲಾಸಿಗೆ ಬಡೀತಾ ಉಂಟು, ಯಾರಿಗೂ ಕೇಳುವುದಿಲ್ಲ. ನಮ್ಮ ರಿಯಾ ಎಲ್ಲಿ?"

ಸಿಟ್ಟು ನೆತ್ತಿಗೇರಿತು. "ಅಪ್ಪನ ಜೊತೆ ಇದ್ದಾಳೆ, ಇನ್ನೆಲ್ಲಿ? ಎಂತ ಮಾಂಯ್ ನೀವು, ದೆವ್ವದ ಸೀರಿಯಲ್ ನೋಡಿ ನನ್ನ ನಿದ್ದೆ ಹಾಳು ಮಾಡ್ತೀರಲ್ಲ!"

"ಬೈಯುವುದಾದ್ರೆ ಆಮೇಲೆ ಬೈ. ಒಮ್ಮೆ ಬಂದು ನೋಡು."

ಹೇಗೂ ನಿದ್ದೆ ಕೆಟ್ಟಿತಲ್ಲ, ನೀರು ಕುಡಿದು ಬರೋಣ ಎಂದು ಹಾಲಿಗೆ ಬಂದೆ. ಟಿವಿ ನಡೆಯುತ್ತಿತ್ತು, ಆದರೆ ಸದ್ದಿಲ್ಲ. ಸ್ಕ್ರೀನಿನ ತುಂಬಾ ಒಂದು ಕಿಟಕಿ ಗಾಜು, ಒಳಗಿನಿಂದ ಮಂಜು ಹಿಡಿದದ್ದು. ಅದಕ್ಕೆ ಒತ್ತಿಕೊಂಡ ಒಂದು ಪುಟ್ಟ ಅಂಗೈ. ಕೈ ನಿಧಾನಕ್ಕೆ ಜಾರಿ ಕೆಳಗಿಳಿಯಿತು. ಪಕ್ಕದಲ್ಲಿ ಸರಿಸಿದ್ದ ಪರದೆ ಹಳದಿ, ಅದರ ಮೇಲೆ ಕೆಂಪು ಚೆರಿ ಹಣ್ಣು. ಮರುಕ್ಷಣ ಬಂಗಲೆ, ಲಾಟೀನು, ಆ ಅತ್ತೆಯ ಕಿರುಚಾಟ.

ನಾನು ಯೋಚನೆ ಮಾಡಲಿಲ್ಲ. ಯೋಚಿಸಿದ್ದರೆ ಮತ್ತೆ ಹೋಗಿ ಮಲಗುತ್ತಿದ್ದೆನೋ ಏನೋ. ಲಿಫ್ಟ್ ಕಾಯದೆ ನೈಟಿಯಲ್ಲೇ, ಬರಿಗಾಲಲ್ಲೇ ಮೆಟ್ಟಿಲಿಳಿದು ಹಿಂಬದಿಯ ಖಾಲಿ ಜಾಗಕ್ಕೆ ಓಡಿದೆ. ಬಿಲ್ಡಿಂಗಿನವರೆಲ್ಲ ಗಾಡಿ ನಿಲ್ಲಿಸುವುದು ಅಲ್ಲೇ. ಮರಳು ಕಾದ ಕಾವಲಿಯಾಗಿತ್ತು, ಆದರೆ ಕಾಲು ಸುಟ್ಟದ್ದು ಗೊತ್ತಾದದ್ದು ಸಂಜೆಗೆ. ವ್ಯಾನಿನ ಹಿಂದಿನ ಸೀಟಿನ ಕಿಟಕಿಯಲ್ಲಿ ಪರದೆ ಒಂದು ಬದಿಗೆ ಸರಿದಿತ್ತು. ಇಣುಕಿದರೆ ನನ್ನ ಮಗು, ಸೀಟಿನಿಂದ ಅರ್ಧ ಕೆಳಗೆ ಜಾರಿ, ಕೆಂಪೇರಿದ ಮುಖ, ಬೆವರಿಗೆ ಹಣೆಗಂಟಿದ ಕೂದಲು.

ನಾನು ಕಿರುಚಿದ್ದು ಇಡೀ ಹೂರಾಕ್ಕೆ ಕೇಳಿರಬೇಕು. ಊಟಕ್ಕೆ ಕೂತಿದ್ದ ಹಮೀದ್ ಭಾಯ್ ಅನ್ನದ ಕೈಯಲ್ಲೇ ಕೀ ಹಿಡಿದು ಓಡಿ ಬಂದರು. ಬಾಗಿಲು ತೆಗೆದಾಗ ಬಂದ ಧಗೆ ಮುಖಕ್ಕೆ ಬಡಿಯಿತು. ಎತ್ತಿಕೊಂಡೆ. ಉಸಿರಿತ್ತು. ಅವರ ಮನೆಯ ಎಸಿ ಕೆಳಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಹಾಕಿ ಒರೆಸಿದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ಮಮ್ಮಿ, ವಾಟರ್," ಎಂದಳು. ಅಬ್ಬಾ ದೇವರೇ! ಆ ಎರಡು ಮಾತಿಗೆ ನಾನು ನೆಲದ ಮೇಲೆ ಕೂತು ದೊಡ್ಡ ದನಿಯಲ್ಲಿ ಅತ್ತುಬಿಟ್ಟೆ. ಆಸ್ಪತ್ರೆಗೂ ಕರೆದುಕೊಂಡು ಹೋದೆವು. ಏನೂ ತೊಂದರೆ ಇಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಹಮೀದ್ ಭಾಯ್ ಗಳಗಳ ಅತ್ತರು. "ಸಿಸ್ಟರ್, ಇವತ್ತು ಮಗು ವ್ಯಾನಲ್ಲಿ ಇಲ್ಲ ಅಂತಲೇ ನಾನು ಇದ್ದದ್ದು. ಟೀಚರ್ ಯಾವಾಗ ಹಿಂದೆ ಹತ್ತಿಸಿದ್ರೋ, ಅಲ್ಲಾಹನಾಣೆ, ನಾನು ನೋಡ್ಲಿಲ್ಲ." ರಿಯಾ ಹತ್ತಿದವಳೇ ನಿದ್ದೆ ಹೋಗಿದ್ದಳು. ಅವತ್ತಿನಿಂದ ಅವರು ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡದೆ ವ್ಯಾನಿಗೆ ಬೀಗ ಹಾಕಿದ್ದಿಲ್ಲ.

ಎರಡು ದಿನ ಬಿಟ್ಟು ನಾನು ಫೋನಿನಲ್ಲಿ ಆ ಎಪಿಸೋಡು ಹುಡುಕಿ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಮಗುವೂ ಇಲ್ಲ, ಗಾಡಿಯೂ ಇಲ್ಲ. ಹಿಂದಿನದ್ದು, ಮುಂದಿನದ್ದು ಎಲ್ಲ ನೋಡಿದೆ. ಆ ಕಾಲದ ಕತೆಯಲ್ಲಿ ವ್ಯಾನ್ ಎಲ್ಲಿಂದ ಬರಬೇಕು? ನಡುವೆ ಯಾವುದೋ ಜಾಹೀರಾತು ಬಂದಿರಬೇಕು ಎಂದರು ಲ್ಯಾನ್ಸಿ. ಬಂದಿರಲಿ. ಆದರೆ ಯಾವ ಜಾಹೀರಾತಿನವರು ಹಮೀದ್ ಭಾಯ್ ಹೆಂಡತಿ ಹೊಲಿದ ಪರದೆ ಹಾಕಿಸುತ್ತಾರೆ? ನಿದ್ದೆಗಣ್ಣು ಅಂದರೆ ನನ್ನ ಮಟ್ಟಿಗೆ ಒಪ್ಪುತ್ತೇನೆ. ಮಾಂಯ್ ನಿದ್ದೆ ಮಾಡಿರಲಿಲ್ಲವಲ್ಲ! ಅವರಿಗಂತೂ ಇದು ದೊಡ್ಡ ತಲೆಬಿಸಿಯೇ ಅಲ್ಲ. "ದೇವರಿಗೆ ತೋರಿಸ್ಲಿಕ್ಕೆ ಯಾವ ಚಾನೆಲ್ ಆದ್ರೂ ಆಗ್ತದೆ," ಎಂದು ಮರುದಿನವೇ ಅದೇ ಸೀರಿಯಲ್ ಹಾಕಿಕೊಂಡು ಕೂತರು.

ಇಷ್ಟೇ ಆಗಿದ್ದರೆ ಏನೋ ಒಂದು ಕಾರಣ ಹುಡುಕಿಕೊಂಡು ಸುಮ್ಮನಿರುತ್ತಿದ್ದೆ. ಒಂದು ವಾರದ ನಂತರ ರಿಯಾ ತಿಂಡಿಗೆ ಕೂತಿದ್ದಾಗ, ವ್ಯಾನಿನಲ್ಲಿ ತುಂಬಾ ಹೆದರಿಕೆ ಆಯ್ತಾ ಮಗಾ ಎಂದು ಮೆಲ್ಲ ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು.

"ಗ್ಲಾಸಲ್ಲಿ ಶಾಮಾಂಯ್ ಇದ್ರು," ಎಂದಳು. ಅಜ್ಜಿಯನ್ನು ಅವಳು ಹಾಗೆಯೇ ಕರೆಯುವುದು. "ಸೋಫಾದಲ್ಲಿ ಕೂತು ಗಾರ್ಲಿಕ್ ಪೀಲ್ ಮಾಡ್ತಿದ್ರು. ನಾನು ನಾಕ್ ಮಾಡಿದೆ. ನನ್ನನ್ನು ನೋಡಿದ್ರು. ಮತ್ತೆ ಎದ್ದು ನಿನ್ನನ್ನು ಕರೀಲಿಕ್ಕೆ ಹೋದ್ರು."

ನಮ್ಮದು ನಾಲ್ಕನೇ ಮಹಡಿ. ಹಾಲ್ ಇರುವುದು ರಸ್ತೆಯ ಕಡೆಗೆ, ವ್ಯಾನ್ ಇದ್ದದ್ದು ಹಿಂಬದಿಗೆ. ಅವತ್ತು ಆಸ್ಪತ್ರೆಯಿಂದ ಬಂದ ಮೇಲೆ ಸೋಫಾದ ಕೆಳಗೆ ಚೆಲ್ಲಿದ್ದ ಬೆಳ್ಳುಳ್ಳಿ ಸಿಪ್ಪೆಯನ್ನು ಗುಡಿಸಿ ತೆಗೆದವಳು ನಾನೇ. ಆ ಹೊತ್ತಿಗೆ ಮಗು ಒಳಗೆ ಮಂಚದ ಮೇಲೆ ಮಲಗಿ ನಿದ್ದೆ ಹೋಗಿತ್ತು.

ರಿಯಾ ಇನ್ನೊಂದು ದೋಸೆ ಬೇಕು ಎಂದಳು. ಹಾಕಿಕೊಟ್ಟು, ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದೆ.