ನಮ್ಮ ಮನಿ ಅಂದರೆ ಯಾವ ಮನಿ

ಈ ವರ್ಷದ ಜನವರಿ, ಸಂಕ್ರಾಂತಿಯ ಮುಂಚಿನ ರವಿವಾರ, ಬೆಳಿಗ್ಗೆ ಏಳು ಗಂಟೆ. ಯಳವಿ ಎಂಬ ಕಲ್ಲುನೆಲದ ಊರಿನ ನಮ್ಮ ಪಡಸಾಲೆಯಲ್ಲಿ ಹಾಜರಿದ್ದವರು ಇಬ್ಬರು: ನಾನು, ಮತ್ತು ಮೂರು ವಾರದ ಹಿಂದೆ ರತ್ನಾಗಿರಿಯಿಂದ ಬಂದಿದ್ದ ನನ್ನ ತಂಗಿ.

ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು, ಮದುವೆಯಾಗಲಿಲ್ಲ. ತಂಗಿಯ ಗಂಡ ಹೋದ ವರ್ಷ ತೀರಿಕೊಂಡರು. “ಇನ್ನ ಇಬ್ಬರೂ ನಮ್ಮ ಮನಿಯಾಗ ಕೂಡಿ ಇರೂನು ಆಪಾ,” ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ನಾನು ತಕ್ಷಣ ಹೂಂ ಎಂದಿದ್ದೆ. ಸಮುದ್ರದ ದಂಡೆಯ ಅವಳ ಬಾಡಿಗೆ ಮನೆಯನ್ನು ಇಟ್ಟುಕೊಳ್ಳುತ್ತೇವೋ ಬಿಡುತ್ತೇವೋ ಎಂದು ಮಾಲೀಕರಿಗೆ ಆ ರವಿವಾರ ಸಂಜೆಯೊಳಗೆ ತಿಳಿಸಬೇಕಿತ್ತು.

ನನಗೆ ಅನುಮಾನವೇ ಇರಲಿಲ್ಲ: ಮನೆ ಇಟ್ಟುಕೊಳ್ಳುತ್ತೇವೆ, ಅವಳು ಬಂದದ್ದೇ ನನ್ನನ್ನು ಕರೆದೊಯ್ಯಲು. ಹಿಂದಿನ ಚಳಿಗಾಲದಲ್ಲಿ ಅಲ್ಲಿ ಎಂಟು ದಿನ ಇದ್ದು ಬಂದಿದ್ದೆ. ಕಿಟಕಿ ತೆರೆದರೆ ನೀರು. ಆ ನೀರಿಗೂ ಡ್ಯೂಟಿ ಉಂಟು: ಉಬ್ಬರಕ್ಕೊಂದು ವೇಳೆ, ಇಳಿತಕ್ಕೊಂದು ವೇಳೆ, ರಜೆ ಇಲ್ಲ. ಜೀವನವಿಡೀ ಗಡಿಯಾರ ನೋಡಿ ನಡೆದವಳಿಗೆ ಅದಕ್ಕಿಂತ ಒಳ್ಳೆಯ ನೆರೆ ಬೇಕೆ? ರಾತ್ರಿಯೇ ಟ್ರಂಕು ತುಂಬಿದ್ದೆ. ಈಗ ಅದನ್ನು ಎಳೆದು ತಂದು ಪಡಸಾಲೆಯ ನಡುವೆ ಇಟ್ಟೆ.

“ಇದೇನು? ಎಲ್ಲಿ ಹೊಂಟಿ?” ಎಂದಳು ತಂಗಿ.

“ನಿಮ್ಮ ಮನಿಗಿ! ನಮ್ಮ ಮನಿಯಾಗ ಇರೂನು ಅಂದ್ಯಲ್ಲ?”

ಅವಳ ಬಾಯಿ ತೆರೆದೇ ಇತ್ತು. “ನಮ್ಮ ಮನಿ ಅಂದ್ರ ಇದು! ಅಮ್ಮಿ ಮನಿ!”

ನಮ್ಮ ಕಡೆ ಮದುವೆಯಾದವಳು ಗಂಡನ ಮನೆಗೇ ನಮ್ಮ ಮನಿ ಎನ್ನುವುದು. ಅವಳು ಮೂವತ್ತು ವರ್ಷ ಅಲ್ಲಿ ಬಾಳಿದವಳು. ಇನ್ನೊಂದು ಅರ್ಥ ನನಗೆ ಹೊಳೆದಿರಲೇ ಇಲ್ಲ.

“ಸಮುದ್ರ ಬಿಟ್ಟು ಈ ಕಲ್ಲಾಗ ಇರ್ತಿ?” ಎಂದೆ.

“ಉಪ್ಪು ಡಬ್ಬಿಯೊಳಗ ನೀರಾಗತೈತಿ, ಕಡ್ಡಿಪೆಟ್ಟಿಗಿ ಹತ್ತೂದಿಲ್ಲ, ಒಗದ ಸೀರಿ ಒಣಗೂದಿಲ್ಲ. ನೀ ಎಂಟು ದಿನದ ಪಾವಣಿ ಆಗಿ ಬಂದಿದ್ದಿ. ನಾ ಬಾಳೇವು ಮಾಡೀನಿ!”

ನಾನು ಅವಳ ಊರನ್ನು ಹೊಗಳಿದೆ, ಅವಳು ನನ್ನ ಊರನ್ನು ಹೊಗಳಿದಳು. ಇಬ್ಬರ ಧ್ವನಿಯೂ ಏರಿತು. ಅಷ್ಟರಲ್ಲಿ ಪಕ್ಕದ ಮನೆಯ ಗೌಡತಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು.

“ಏನ್ರಿ ನರ್ಸಬಾಯಿ, ದವಾಖಾನಿ ಒದರಾಟ ಮನಿತನಕ ಬಂತೇನ್ರಿ?”

ವಿಷಯ ಹೇಳಿದೆ. ಅವರು ಸೆರಗನ್ನು ಬಾಯಿಗೊತ್ತಿ ನಕ್ಕರು. “ಹಂಗಾರ ಭಾಳ ಸಸಾರ ಬಿಡ್ರಿ. ನೀವು ಅಲ್ಲಿಗಿ ಹೋಗ್ರಿ, ಆಕಿ ಇಲ್ಲಿರ್ಲಿ!”

“ಕೂಡಿ ಇರಾಕ ಈ ಜಗಳ ನಡದೈತಿ ಅಕ್ಕಾರ,” ಎಂದಳು ತಂಗಿ. ಮೂವರೂ ನಕ್ಕೆವು. ಏನೂ ತೀರ್ಮಾನವಾಗಲಿಲ್ಲ.

ಮಧ್ಯಾಹ್ನ ಅದೇ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾವು ಊಟಕ್ಕೆ ಉಳ್ಳಾಗಡ್ಡಿಯನ್ನು ಹೆಚ್ಚುವುದಿಲ್ಲ. ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯುತ್ತೇವೆ. ತಂಗಿ ಮಾತಿನ ಭರದಲ್ಲೇ ಒಂದನ್ನು ಗುದ್ದಿದಳು. ಅದು ಹೋಳುಹೋಳಾಯಿತು.

ನನ್ನ ಕೈಯ ತುತ್ತು ನಿಂತಿತು. ರತ್ನಾಗಿರಿಯಲ್ಲಿ ಅವಳ ಬೆರಳ ಸಂದುಗಳು ಊದಿ, ಚಹಾದ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದಳು.

“ಇನ್ನೊಂದು ಗುದ್ದು,” ಎಂದೆ.

“ಯಾಕ? ಇದ ಸಾಕು.”

“ಗುದ್ದು ಅಂದೆ.”

ಗುದ್ದಿದಳು. ಕೈ ಎಳೆದು ಒಂದೊಂದೇ ಬೆರಳನ್ನು ಮಡಚಿ ನೋಡಿದೆ. ಇಲ್ಲಿಗೆ ಬಂದ ಮೂರೇ ವಾರದಲ್ಲಿ ಬಾವು ಇಳಿದಿತ್ತು.

“ಮೊದಲ ಯಾಕ ಹೇಳಲಿಲ್ಲ?”

“ಸಮುದ್ರ ಅಂದ್ರ ಸಾಕು, ನಿನ್ನ ಮಾರಿ ಸಣ್ಣ ಹುಡುಗಿ ಹಂಗ ಅರಳತೈತಿ. ಹ್ಯಾಂಗ ಹೇಳ್ಲಿ ಆಪಾ?”

ಒಣ ಹವೆಯ ಗುಣವೋ, ಬಿಸಿಲಿನದೋ, ಅದನ್ನು ಡಾಕ್ಟರೇ ಹೇಳಬೇಕು. ನನಗೆ ಆ ಮುಷ್ಟಿ ಸಾಕಾಗಿತ್ತು. ಕೈ ತೊಳೆದು ಮಾಲೀಕರಿಗೆ ನಾನೇ ಫೋನ್ ಹಚ್ಚಿ, ಮನೆ ಬಿಡುತ್ತೇವೆಂದು ಮರಾಠಿಯಲ್ಲಿ ಚುಟುಕಾಗಿ ಹೇಳಿದೆ. ಫೋನ್ ಇಟ್ಟಾಗ, ಮೊದಲ ನೇಮಕದ ದಿನ ಹಾರಿದಂತೆ ಎದೆ ಹಾರುತ್ತಿತ್ತು. ನನ್ನ ಮನೆಯಲ್ಲಿ ಇನ್ನು ಮೇಲೆ ಇಬ್ಬರು!

“ವರ್ಷಕ್ಕೊಮ್ಮೆ ಎಂಟು ದಿನ ಸಮುದ್ರಕ್ಕ ಕರಕೊಂಡು ಹೋಗಬೇಕು,” ಎಂದೆ.

“ಹತ್ತು ದಿನ ಹೋಗೂನು. ಒಣಗಿದ ಸೀರಿ ಕಟ್ಕೊಂಡು!”

ಕೂಡಲೇ ಕೆಲಸಕ್ಕೆ ಹತ್ತಿದೆವು. ಒಳಕೋಣೆ ಗುಡಿಸಿದೆವು, ಗೋಡೆ ಒರೆಸಿದೆವು, ಅಟ್ಟದಿಂದ ಅಮ್ಮಿಯ ಮಂಚ ಇಳಿಸಿದೆವು. ಅದರ ನವಾರು ಪಟ್ಟಿ ಜೋತುಬಿದ್ದಿತ್ತು. ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಯತೊಡಗಿದೆವು. ಒಂದು ಕಡೆ ನಾನು, ಇನ್ನೊಂದು ಕಡೆ ಅವಳು.

“ಜಗ್ಗು ಆಪಾ, ಜಗ್ಗು! ಪೆನ್ಶನ್ ಬಂದ ಕೂಡಲೇ ಕಸುವು ಹೋತೇನು?”

ಜಗ್ಗಿದೆ. ಸಂಜೆ ಏಳಕ್ಕೆ ಕೊನೆಯ ಗಂಟು ಬಿಗಿದು ಮುಗಿಸಿದೆವು.