ಶಾರದಾ ಹಾಕಿದ ಕಾವಲು

ನಮ್ಮ ಅಕ್ಕಿ ಗಿರಣಿಯ ಕಂಪ್ಯೂಟರ್ ಅಂದು ನಿಂತದ್ದು ನಾದಿನಿ ಶಾರದಾಳಿಂದಲ್ಲ, ನನ್ನಿಂದ. ವರ್ಷಗಟ್ಟಲೆ ಇದನ್ನು ಯಾರಿಗೂ ಹೇಳಲಿಲ್ಲ — ಇವತ್ತಿನ ಬೆಳಗಿನವರೆಗೆ.

ಇವತ್ತೂ ಎಂದಿನಂತೆ ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ, ರಾಯಚೂರಿನ ಬಿಸಿಲೇರುವ ಮೊದಲೇ ಗಿರಣಿಗೆ ಹೋಗಿ ಶಾರದಾಳ ಕುರ್ಚಿಯಲ್ಲಿ ಕೂತೆ. ಅದರ ಹಿಡಿಕೆಗೆ ಅವಳು ಸುತ್ತಿದ್ದ ನೀಲಿ ದಾರ ಇನ್ನೂ ಇದೆ. ಮದುವೆಯಾಗಿ ಮಾನ್ವಿಗೆ ಹೋದ ಮೇಲೆ, ಅವಳಪ್ಪ ಕಟ್ಟಿದ ಗಿರಣಿಯಲ್ಲಿ ಅವಳದೆಂದು ಉಳಿದದ್ದು ಆ ಕುರ್ಚಿಯೊಂದೇ.

ಲಾರಿ ತೂಕದ ಫೋಟೊ ಉಳಿಸುವ ಲಿನಕ್ಸ್ ಕಂಪ್ಯೂಟರಿಗೆ ಎಸ್‌ಇಲಿನಕ್ಸ್ ಎಂಬ ಕಾವಲಿನ ನಿಯಮ ಬರೆದವಳು ಅವಳೇ. ಪ್ರತಿ ಫೋಲ್ಡರಿಗೊಂದು ಗುರುತು. ತೂಕದ ಪ್ರೋಗ್ರಾಮ್ ತನಗೆ ಒಪ್ಪಿಸಿದ ಗುರುತು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ.

ನಾನೋ — ಅಡುಗೆಮನೆಯ ಡಬ್ಬಿ ಜೋಡಿಸುವವಳು. ಅವಳು ಮಾನ್ವಿಗೆ ಹೋದ ಹೊಸತರಲ್ಲಿ ಫೋಟೊಗಳನ್ನು ಕವಿತಾಳ, ಮಟಮಾರಿ, ದೇವದುರ್ಗ ಎಂದು ಊರುವಾರು ನನ್ನದೇ ಫೋಲ್ಡರಿನಲ್ಲಿ ಅಂದವಾಗಿ ವಿಂಗಡಿಸಿ, ಅದನ್ನೇ ಎತ್ತಿ ಹಳೆಯ ಜಾಗದಲ್ಲಿಟ್ಟೆ. ಎತ್ತಿಟ್ಟದ್ದು ನನ್ನ ಗುರುತನ್ನೇ ಹೊತ್ತು ಬರುತ್ತದೆಂದು ತಿಳಿದಿರಲಿಲ್ಲ. ಕಾವಲು ತಡೆಯಿತು. ತೂಕ ನಿಂತಿತು, ಲಾರಿಗಳು ಸಾಲುಗಟ್ಟಿದವು. ಹೆದರಿ ಕಾವಲನ್ನೇ ಸಡಿಲಿಸಿಬಿಟ್ಟೆ. ಎಲ್ಲ ನಡೆಯಿತು.

"ಶಾರಿ ಮಾಡಿದ್ದು ಇಷ್ಟಽ ನೋಡು. ನಾಳಿಂದ ನೀನಽ ಕೂಡು," ಎಂದರು ಯಜಮಾನರು.

ತಪ್ಪು ನನ್ನದೆಂದು ನಾನು ಹೇಳಲಿಲ್ಲ. ಒಳಗೊಳಗೇ ಹಿಗ್ಗಿದೆ ಕೂಡ — ಅದನ್ನೂ ಹೇಳಬೇಕು. ಅಣ್ಣನ ಈ ದೂರು ಮಾನ್ವಿಗೂ ಮುಟ್ಟಿತು; ಆಮೇಲೆ ಹಬ್ಬಕ್ಕೆ ಬಂದರೂ ಶಾರದಾ ಗಿರಣಿಯ ಕಡೆ ಹಾಯಲಿಲ್ಲ.

ಅವಳು ಬಿಟ್ಟುಹೋದ ನಿಯಮಗಳನ್ನೇ ಓದಿ ಓದಿ ಕೆಲಸ ಕಲಿತೆ. ಇವತ್ತು ಗುರುತುಗಳನ್ನು ಸರಿಪಡಿಸಿ ಕಾವಲನ್ನು ಮತ್ತೆ ಬಿಗಿ ಮಾಡಿದೆ. ಮೊದಲ ಲಾರಿಯ ಫೋಟೊ ತನ್ನ ಜಾಗದಲ್ಲಿ ಬಂದು ಕೂತಿತು. ಅವಳ ನಿಯಮದಲ್ಲಿ ಒಂದಕ್ಷರ ತಿದ್ದಬೇಕಾಗಲಿಲ್ಲ. ನಮ್ಮ ಮನೆಯ ಹುಡುಗಿ ಬರೆದದ್ದು ಎಂದು ಎದೆ ತುಂಬಿ ಬಂತು; ನನ್ನ ಕೈಯೂ ಕಲಿತಿದೆ ಎಂಬ ಹೆಮ್ಮೆ — ಇತ್ತು, ಮುಚ್ಚಿಡಲಾರೆ.

ಹಮಾಲರ ಎದುರೇ ಯಜಮಾನರಿಗೆ ಹೇಳಿದೆ: "ಅವತ್ತಿನ ತಪ್ಪು ನಂದ್ರಿ. ಶಾರದಾಂದಲ್ಲ."

ಅವರು ತಂಗಿಗೆ ಫೋನ್ ಹಚ್ಚಿ ನನ್ನ ಕೈಗಿಟ್ಟರು. ಅವಳಿಗೂ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ:

"ನಾ ಬರೆದ ನಿಯಮ ಹಂಗಽ ಅದಾವೇನ್ರಿ ವೈನಿ?"

"ಹಂಗಽ ಅದಾವು."

"ಬಸ್ ಹಿಡದು ಬರ್ತೀನಿ."

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ.

ಸಂಜೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಶಾಂತಮ್ಮ ಬಟ್ಟಲು ಚಾಚುತ್ತ ಅಂದರು: "ಮಧ್ಯಾಹ್ನ ಗಿರಣಿ ಮುಂದ ಹಾದು ಬಂದೆ. ನಾದಿನಿ ಕುರ್ಚ್ಯಾಗ, ನೀವು ಸ್ಟೂಲಿನ ಮ್ಯಾಲ. ಗಿರಣ್ಯಾಗ ಕುರ್ಚಿ ಕಮ್ಮಿ ಬಿದ್ದಾವೇನ್ರಿ?"