ರವಿವಾರದ ಪಗಾರ

ನಮ್ಮ ಗಂಗವ್ವತ್ತಿಗೆ ಪಗಾರ ಆಯಿತು! ಸರಕಾರದ ಪಗಾರ! ಬನಹಟ್ಟಿಯ ನಮ್ಮ ಓಣಿಯಲ್ಲಿ ತಿಂಗಳ ಪಗಾರ ತಂದ ಮೊದಲ ಹೆಣ್ಣುಮಗಳು ನಮ್ಮತ್ತಿ, ಅಪ್ಪನ ತಂಗಿ. ಮೊಮ್ಮಕ್ಕಳನ್ನು ಕಂಡ ಮುದುಕಿ ನಾನು, ಇವತ್ತಿಗೂ ಇದನ್ನು ಹೇಳುವಾಗ ಇವತ್ತೇ ಆದಂತೆ ಹಿಗ್ಗುತ್ತೇನೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆಗಿನ ದಿನಗಳೆಂದರೆ ರಾಜರ ಆಳಿಕೆ ಹೋಗಿ ಮುಂಬಯಿ ಸರಕಾರ ಬಂದಿದ್ದ ಹೊಸತು. ನಮ್ಮ ಮನೆಯಲ್ಲಿ ಬೆಳಗಾದರೆ ಕುಣಿಮಗ್ಗದ ಲಟಪಟ, ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ. ನಾನು ಮುರಿದ ಲಾಳಿಯನ್ನೇ ಮೋಟಾರು ಮಾಡಿ ನೆಲದ ಮೇಲೆ ಓಡಿಸುತ್ತಿದ್ದೆ. ಅಜ್ಜ, ಅಪ್ಪ ನೇಯುವವರು. ಅಜ್ಜಿ, ಅವ್ವ, ಗಂಡ ತೀರಿ ತವರಿಗೆ ಬಂದಿದ್ದ ಗಂಗವ್ವತ್ತಿ ನೂಲು ಸುತ್ತುವವರು. ಸೀರೆ ಮಡಿಚಿ ಸಾವಕಾರರ ಮುಂದಿಟ್ಟರೆ ಮಜೂರಿ. ಅಮಾವಾಸ್ಯೆಗೆ ಮಗ್ಗ ನಿಂತರೆ ಮಜೂರಿಯೂ ನಿಂತಂತೆ. ಕೆಲಸಕ್ಕೆ ಮೊದಲು ರೊಕ್ಕ ತಂದರೆ ಅದಕ್ಕೆ ಉಚಲ ಎನ್ನುತ್ತಿದ್ದರು. ನೇಯ್ದು ನೇಯ್ದು ಅದನ್ನು ತೀರಿಸಬೇಕು. ಅಜ್ಜ ಎಂದೋ ತಂದ ಉಚಲವನ್ನು ಅಪ್ಪ ಇನ್ನೂ ನೇಯುತ್ತಿದ್ದ.

ಅಂಥದರಲ್ಲಿ ಗಂಗವ್ವತ್ತಿಗೆ ರಬಕವಿಯ ಸರಕಾರಿ ದವಾಖಾನೆಯಲ್ಲಿ ಆಯಾ ಕೆಲಸ ಸಿಕ್ಕಿತು. ಅಜ್ಜ ಒಲ್ಲದ ಮನಸ್ಸಿನಿಂದ ಒಪ್ಪಿದ.

"ಒಂದ ತಿಂಗಳಾ, ಗಂಗೂ. ಮೊದಲನೇ ಪಗಾರ ನೋಡಿ ಮುಂದಿನ ಮಾತು."

ಅತ್ತಿ ನಸುಕಿನಲ್ಲೇ ಎದ್ದು, ರೊಟ್ಟಿ ಕಟ್ಟಿಕೊಂಡು, ಹಾಡು ಗುನುಗುತ್ತ ಹೋಗುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಬಾಯಲ್ಲಿ ಹಾಡು ಕೇಳಿದ್ದು ಆ ತಿಂಗಳೇ.

ಪಗಾರದ ದಿನ ಶನಿವಾರ. ಮಧ್ಯಾಹ್ನವೇ ನಡೆದು ಬಂದ ಅತ್ತಿ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಅಜ್ಜನ ಕೈಯಲ್ಲಿಟ್ಟಳು. "ಒಂದಾಣೆ ಟಿಕೀಟಿಗೆ ಹಿಡಕೊಂಡ್ರಪ್ಪಾ," ಎಂದಳು.

ಅಜ್ಜಿಗೆ ಸಿಟ್ಟು ಬಂತು. "ಟಿಕೀಟಿನ ರೊಕ್ಕ ಕೊಟ್ಟೂ ನಡಕೊಂತ ಬಂದೀಯೇನ ಹುಚ್ಚಿ? ಮೋಟಾರಿನ್ಯಾಗ ಕುಂತ ಬರಬಾರದಾಗಿತ್ತ?"

"ಯವ್ವಾ, ಅದು ಮೋಟಾರ ಟಿಕೀಟಲ್ಲ! ಪಗಾರ ತಗೊಂಡೇನಿ ಅಂತ ಹಚ್ಚೂ ಟಿಕೀಟು. ಅದರ ಮ್ಯಾಲೆ ಹೆಬ್ಬೆಟ್ಟ ಒತ್ತೇನಿ."

ನಾವೆಲ್ಲ ನಕ್ಕೆವು. ಅಜ್ಜ ನಗಲಿಲ್ಲ.

"ರವಿವಾರ ನೀ ಮನ್ಯಾಗ ಇದ್ದೆಲ್ಲ? ಆ ದಿನದ ರೊಕ್ಕ ಮುರಕೊಂಡಾರಿಲ್ಲೋ?"

"ಇಲ್ಲಪ್ಪಾ. ರವಿವಾರದ್ದೂ ಕೊಟ್ಟಾರ."

ಅಜ್ಜ ನೋಟುಗಳನ್ನು ಕೆಂಡ ಮುಟ್ಟಿದವನಂತೆ ಕೆಳಗಿಟ್ಟ. "ದುಡಿಲಾರದ ದಿನದ ರೊಕ್ಕ ಅಂದ್ರ ಉಚಲನಾ! ಇವತ್ತ ರವಿವಾರದ ಹೆಸರ್ಲೆ ಕೊಡತಾರ, ನಾಳೆ ನಿನ್ನ ಜೀವಮಾನ ತೇಯಸ್ತಾರ. ಸೋಮವಾರದಿಂದ ಹೋಗಬ್ಯಾಡ."

ಅತ್ತಿ ನೂಲಿನ ರಾಟಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅಪ್ಪನೇ ಮಗ್ಗದಿಂದ ಕೂಗಿದ: "ಕೇಳಿ ಆದ್ರೂ ನೋಡಪ್ಪಾ! ಕೇಳಾಕ ರೊಕ್ಕ ಬೀಳತಾವೇನ?"

ಅಜ್ಜ ರುಮಾಲು ಸುತ್ತಿಕೊಂಡ. ಮುಂದೆ ಅಜ್ಜ, ಹಿಂದೆ ಅತ್ತಿ, ಅವಳ ಸೆರಗು ಹಿಡಿದು ನಾನು. ದವಾಖಾನೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ರಪ್ಪೆಂದು ಹೊಡೆಯಿತು. ಕಾರಕೂನರು ಟೇಬಲ್ಲಿನ ಮುಂದೆ ಚಹಾ ಕುಡಿಯುತ್ತಿದ್ದರು.

"ರವಿವಾರದ ರೊಕ್ಕ ವಾಪಸ ತಗೋರಿ ಸಾಹೇಬ್ರ," ಎಂದ ಅಜ್ಜ. "ಆವತ್ತ ನಮ್ಮ ಹುಡುಗಿ ನಿಮ್ಮ ಕೆಲಸ ಮಾಡಿಲ್ಲ, ನಮ್ಮ ಮನಿ ನೆಲ ಸಾರಿಸ್ಯಾಳ."

ಕಾರಕೂನರಿಗೆ ಚಹಾ ನೆತ್ತಿಗೇರಿತು. "ಅಜ್ಜಾ, ಪಗಾರ ಕಡಿಮಿ ಆತಂತ ಬಂದವರನ್ನ ದಿನಾ ನೋಡತೇನಿ. ಹೆಚ್ಚಾತಂತ ಬಂದವ ನೀನಾ ಮೊದಲನೆಯವ!"

"ನಗಬ್ಯಾಡ್ರಿ. ಇದನ್ನ ಹೆಂಗ ತೀರಸಬೇಕು, ಅದನ್ನ ಹೇಳ್ರಿ."

ಕಾರಕೂನರು ಚಹಾದ ಬಸಿ ಕೆಳಗಿಟ್ಟರು. "ತೀರಸೂದಿಲ್ಲಜ್ಜಾ. ಇದು ಸೀರಿ ಮಜೂರಿ ಅಲ್ಲ, ತಿಂಗಳ ಪಗಾರ. ತಿಂಗಳದಾಗ ರವಿವಾರನೂ ಬಂತು. ರವಿವಾರ ಆಕಿ ಉಣ್ಣೂದಿಲ್ಲೇನ?"

"ಉಣತಾಳ್ರಿ."

"ಮತ್ತ? ಆಕಿ ಉಣ್ಣಲಿ ಅಂತನಾ ಕೊಟ್ಟದ್ದು. ನಾಳೆ ಕೆಲಸ ಬಿಟ್ರೂ ಯಾರೂ ವಾಪಸ ಕೇಳಂಗಿಲ್ಲ."

ಅಜ್ಜ ರುಮಾಲು ಸರಿಮಾಡಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಹಂಗಾದ್ರ ಅಮಾಸಿಗೂ ಸೂಟಿ ಐತೇನ್ರಿ?"

"ಅಮಾಸಿಗೆ ಬರಬೇಕಜ್ಜಾ! ಸರಕಾರಕ್ಕ ಅಮಾಸಿ ಇಲ್ಲ."

ಹೊರಗೆ ಬಂದ ಮೇಲೆ ಅಜ್ಜ ತನ್ನಷ್ಟಕ್ಕೇ ನಗತೊಡಗಿದ. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಕೊಂಡ, ನನ್ನ ಕೈಗೊಂದು ಚೂರು ಮುರಿದುಕೊಟ್ಟ. ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಒಂದೇ ಮಾತು: "ನಮ್ಮ ಗಂಗೂಗ ಸುಮ್ಮನ ಕುಂತ್ರೂ ಪಗಾರ ಐತಿ!"

"ಅಪ್ಪಾ, ಸುಮ್ಮನ ಕುಂತ್ರ ಅಲ್ಲ," ಎಂದು ಅತ್ತಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜ ಕೇಳಿಸಿಕೊಂಡರೆ ತಾನೆ!

ಈಗ ನಮ್ಮ ಮನೆಗೆ ಮೂರು ಪಗಾರ ಬರುತ್ತವೆ. ಮಗನದು, ಸೊಸೆಯದು, ಮೊಮ್ಮಗಳದು, ಎಲ್ಲವೂ ಮೊಬೈಲಿನಲ್ಲಿ ಟಿಣ್ ಎಂದು. ಎಂದು ಬಂದವೋ ನನಗೆ ತಿಳಿಯುವುದೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತಾರೆ. ರೊಕ್ಕ ಹೆಚ್ಚಾಗಿದೆ, ದೇವರು ಹೆಚ್ಚೇ ಕೊಡಲಿ. ಆದರೆ ಪಗಾರ ಬಂತೆಂದು ಒಲೆಯ ಮೇಲೆ ಹುಗ್ಗಿ ಕುದಿಯುವುದು, ಅದರ ವಾಸನೆಗೆ ಓಣಿಯ ಮಕ್ಕಳು ಬಾಗಿಲಲ್ಲಿ ಇಣುಕುವುದು, ಅದೆಲ್ಲ ಹೋಯಿತು.

ಅತ್ತಿಯ ಮೊದಲ ಪಗಾರದ ಆ ಸಂಜೆ ಗೋದಿ ಹುಗ್ಗಿ ಕುದಿಯಿತು. ದಿನಾ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದ ಅತ್ತಿಯನ್ನು ಅಂದು ಅಜ್ಜ ಕೈಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ತುಪ್ಪದ ಗಿಂಡಿ ಎತ್ತಿ ಮೊದಲು ಅವಳ ತಾಟಿಗೆ ಸುರಿದ.

"ಸಾಕಪ್ಪಾ, ಸಾಕು!"

"ಉಣ್ಣು. ಸೋಮವಾರ ಲಗೂ ಹೋಗಬೇಕಲ್ಲ."

ಅತ್ತಿಯ ಕೈ ತುತ್ತಿನೊಂದಿಗೆ ಅಲ್ಲೇ ನಿಂತಿತು. ಅಪ್ಪ ತನ್ನ ತಾಟು ಮುಂದೆ ಚಾಚಿದ: "ನನಗ ತುಪ್ಪ?"

"ನೀ ಏನ ಸರಕಾರದ ಮನಷ್ಯಾನ?" ಎಂದ ಅಜ್ಜ.

ಅಜ್ಜಿ ನಕ್ಕಳು, ಅವ್ವ ನಕ್ಕಳು. ಅತ್ತಿಯಂತೂ ಬಾಯಿ ತುಂಬ ಹುಗ್ಗಿ ಇಟ್ಟುಕೊಂಡೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.